ಮಕ್ಕಳು ಮಾತಾಡುತ್ತಾರೆ, ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ. ಏನು ಮಾಡಲಿ?

ಬ್ರಹ್ಮಾವರ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮೊನ್ನೆ ಒಂಬತ್ತನೇ ಕ್ಲಾಸಿನಲ್ಲಿ ಚರ್ಚೆ ಇಟ್ಟಿದ್ದೆ. ಮಳೆಗೆ ಡಿಸಿ ರಜೆ ಕೊಟ್ಟರೆ ಅದರ ಬದಲಿಗೆ ಶನಿವಾರ ಮಧ್ಯಾಹ್ನ ಕ್ಲಾಸ್ ಮಾಡುವುದು ಸರಿಯಾ ಅಂತ. ಮಕ್ಕಳಿಗೆ ಭಾರೀ ಉಮೇದು. 34 ಮಕ್ಕಳಲ್ಲಿ 20 ಜನ ಕೈ ಎತ್ತಿದರು.

ಯಾವತ್ತೂ ಬಾಯಿ ಬಿಡದ ಒಬ್ಬಳು ಹುಡುಗಿ ಎದ್ದು ನಿಂತಳು. "ತೋಡು ದಾಟುವ ನಮ್ಮ ಕಾಲುಸಂಕದ (ಸಣ್ಣ ಕಾಲುಸೇತುವೆ) ಮೇಲೆ ನೀರು ಬಂದರೆ ನಾನು ಬರುವ ಹಾಗೇ ಇಲ್ಲ. ಡಿಸಿ ರಜೆ ಕೊಡದ ದಿನವೂ ನನಗೆ ರಜೆಯೇ" ಎಂದಳು. ಇಡೀ ಚರ್ಚೆಯಲ್ಲಿ ಬಂದ ಒಳ್ಳೆಯ ಮಾತು ಅದು. ಅವಳು ಕೂತ ಕೂಡಲೇ ಮುಂದಿನ ಹುಡುಗ ಚೀಟಿ ನೋಡಿಕೊಂಡು "ಮಾನ್ಯ ತೀರ್ಪುಗಾರರೇ" ಎಂದು ಶುರು ಮಾಡಿದ. ಅವನ ನಂತರದವಳೂ ಹಾಗೇ. ಕಾಲುಸಂಕದ ಮಾತನ್ನು ಯಾರೂ ಎತ್ತಲಿಲ್ಲ. ಆ ಹುಡುಗಿಯ ಮುಖ ನೋಡಿ ನನಗೆ ಸಂಕಟವಾಯಿತು.

ಭಾಷಣಕ್ಕೆ ತಯಾರಿ ಕೊಡುತ್ತೇವೆ, ಬಹುಮಾನವನ್ನೂ ಕೊಡುತ್ತೇವೆ. ಕೇಳುವುದನ್ನು ಕಲಿಸುವುದು ಹೇಗೆ? ಇನ್ನೊಂದು ತೊಂದರೆಯೂ ಇದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಆಟದ ಬಯಲಲ್ಲಿ ಪಟಪಟ ಮಾತಾಡುತ್ತಾರೆ. ಕ್ಲಾಸಿಗೆ ಬಂದರೆ ಪುಸ್ತಕದ ಕನ್ನಡ ಹುಡುಕುತ್ತಾ ತಡವರಿಸುತ್ತಾರೆ.

ಕಟಪಾಡಿ ಅರ್ಥಧಾರಿ:
ಟೀಚರೇ, ಮಕ್ಕಳನ್ನು ಒಂದು ತಾಳಮದ್ದಳೆಗೆ, ಅಂದರೆ ಯಕ್ಷಗಾನದ ಮಾತಿನ ಕೂಟಕ್ಕೆ, ಕರೆದುಕೊಂಡು ಹೋಗಿ. ನಾನು ಹವ್ಯಾಸಕ್ಕೆ ಅರ್ಥ ಹೇಳಲು ಶುರು ಮಾಡಿ 20 ವರ್ಷವಾಯಿತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕೂತಲ್ಲೇ ಅದರ ಅರ್ಥ ಹೇಳಬೇಕು.

ಶುರುವಿನಲ್ಲಿ ನಾನು ಉರು ಹೊಡೆದು ಹೋಗುತ್ತಿದ್ದೆ. ಒಮ್ಮೆ ವಾಲಿವಧೆಯಲ್ಲಿ ರಾಮ ನನ್ನದು. "ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ?" ಅಂತ ವಾಲಿ ಕೇಳುತ್ತಾನೆ ಎಂದು ತಯಾರಾಗಿದ್ದೆ. ಆವತ್ತಿನ ವಾಲಿ ಕೇಳಿದ್ದೇ ಬೇರೆ. "ಸುಗ್ರೀವನ ದೂರು ಕೇಳಿದೆ. ನನ್ನ ಮಾತು ಕೇಳದೆಯೇ ತೀರ್ಪು ಕೊಟ್ಟೆಯಲ್ಲ?" ನಾನು ಮರದ ಉತ್ತರವನ್ನೇ ಹೇಳಿದೆ. ಸಭೆಗೆಲ್ಲ ಗೊತ್ತಾಯಿತು.

ಆಮೇಲೆ ಹಿರಿಯರೊಬ್ಬರು ಹೇಳಿಕೊಟ್ಟರು. ಎದುರಿನವನ ಮಾತನ್ನು ಮೊದಲು ನಿನ್ನ ಬಾಯಲ್ಲಿ ಹೇಳು, "ನೀನು ಕೇಳಿದ್ದು ಇದೇ ತಾನೇ?" ಅನ್ನು, ಅವನು ಹೌದೆಂದ ಮೇಲೆ ಉತ್ತರ ಕೊಡು ಅಂತ. ಕ್ಲಾಸಿನಲ್ಲೂ ಇದೇ ನಿಯಮ ಮಾಡಿ. ಹಿಂದಿನವಳ ಮಾತನ್ನು ಅವಳು ಒಪ್ಪುವ ಹಾಗೆ ಹೇಳಿದ ಮೇಲೆಯೇ ಮುಂದಿನವನ ಸರದಿ. ಚೀಟಿ ಬೇಡವೇ ಬೇಡ.

ಮಣಿಪಾಲ ನರ್ಸ್:
ಸರ್ ಹೇಳಿದ್ದು ನಮ್ಮ ಕೆಲಸದಲ್ಲೂ ಇದೆ. ಡಾಕ್ಟರ್ ಫೋನಿನಲ್ಲಿ ಔಷಧ ಹೇಳಿದರೆ ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತದೆ. ಅದಕ್ಕೇ "ಒನ್ ಫೈವ್" ಅಂತ ಬಿಡಿಸಿ ಹೇಳುತ್ತೇವೆ. ನನ್ನ ಮಟ್ಟಿಗೆ ಸ್ಪಷ್ಟವಾಗಿ ಮಾತಾಡುವುದು ಅಂದರೆ ಇದು.

ಮಕ್ಕಳಿಗೆ ಒಂದು ಆಟ ಆಡಿಸಿ ಟೀಚರ್. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಲಿ. ಒಬ್ಬಳು ಬಸ್ ಸ್ಟ್ಯಾಂಡಿನಿಂದ ತನ್ನ ಮನೆಗೆ ದಾರಿ ಹೇಳಲಿ, ಇನ್ನೊಬ್ಬಳು ಕಾಗದದಲ್ಲಿ ನಕ್ಷೆ ಬಿಡಿಸಲಿ. "ಅಲ್ಲಿಂದ ಹೀಗೆ ಹೋಗಿ" ಅಂದರೆ ಗೆರೆ ಎಲ್ಲೆಲ್ಲಿಗೋ ಹೋಗುತ್ತದೆ. ಆಗ ಅವರಿಗೇ ತಿಳಿಯುತ್ತದೆ.

ಕುಂದಾಪುರ ನಿವೃತ್ತ ಮಾಸ್ಟ್ರು:
ನಾವೂ ಕಾಯಬೇಕಮ್ಮ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನು ಗಮನಿಸಿ ಬರೆದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದುದು ಸುಮಾರು 1 ಸೆಕೆಂಡ್. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ತುಳುವಿನಲ್ಲಿ ಹೇಳುವವರು ತುಳುವಿನಲ್ಲೇ ಹೇಳಲಿ. ಪಕ್ಕದವನು ಅದನ್ನು ಕನ್ನಡದಲ್ಲಿ ಹೇಳಲಿ. ಸರಿಯಾಗಿ ಕೇಳದೆ ಅದು ಆಗುವುದೇ ಇಲ್ಲ, ಅಲ್ವಾ?

ಬ್ರಹ್ಮಾವರ ಟೀಚರ್:
ಇವತ್ತು ಅದೇ ವಿಷಯವನ್ನು ಮತ್ತೆ ತೆಗೆದುಕೊಂಡೆ. ಚೀಟಿಗಳನ್ನೆಲ್ಲ ಬ್ಯಾಗಿಗೆ ಹಾಕಿಸಿದೆ. ಆ ಹುಡುಗ ಎದ್ದು, "ಅವಳಿಗೆ ಮಳೆಯಲ್ಲಿ ಬರಲು ಹೆದರಿಕೆ" ಎಂದ. ಅವಳು "ಅಲ್ಲ, ಹೆದರಿಕೆ ಅಲ್ಲ, ದಾರಿಯೇ ಇರುವುದಿಲ್ಲ" ಎಂದಳು. ಎಷ್ಟು ಗಟ್ಟಿಯಾಗಿ ಹೇಳಿದಳು ಗೊತ್ತಾ! ಎರಡನೇ ಸಲ ಅವನು ಸರಿಯಾಗಿ ಹೇಳಿದ. ಆಮೇಲೆ ತನ್ನ ವಾದ ಬಿಟ್ಟು ಅವಳನ್ನೇ ಕೇಳಿದ: "ಹಾಗಾದರೆ ಆ ದಿನದ ನೋಟ್ಸ್ ನಿನಗೆ ಯಾರು ಕೊಡುತ್ತಾರೆ?"

40 ನಿಮಿಷದಲ್ಲಿ 5 ಜನ ಮಾತ್ರ ಮಾತಾಡಿದರು. ಉಳಿದವರಿಗೆ ಬುಧವಾರ. ಅರ್ಥಧಾರಿ ಸರ್, ಹತ್ತಿರದಲ್ಲಿ ಹಗಲು ಹೊತ್ತಿನ ತಾಳಮದ್ದಳೆ ಇದ್ದರೆ ತಿಳಿಸಿ. ಮಕ್ಕಳನ್ನು ಕರೆತರುತ್ತೇನೆ.