ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಟ್ರೋಲಿಂಗ್: ನಾಲ್ಕು ಸಲ ಹೋದರೂ ಒಂದೇ ಮೀನು, ಎಲ್ಲಿ ತಪ್ಪುತ್ತಿದ್ದೇನೆ?

ಕಡಲತಡಿಯವ:

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆ ಕಡೆಯವನು, ಈಗ ಇರುವುದು ಮಿಲ್ವಾಕಿಯಲ್ಲಿ. ಊರಲ್ಲಿ ಮೀನಿನ ನಡುವೆಯೇ ಬೆಳೆದವನು, ಆದರೆ ಅಲ್ಲಿ ಕಂಡದ್ದೆಲ್ಲ ಬಲೆ. ಟ್ರೋಲಿಂಗ್ ಕಲಿಯುತ್ತಿದ್ದೇನೆ ಎಂದು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದರೆ "ಟ್ರಾಲ್ ಬೋಟ್ ತಗೊಂಡೆಯಾ?" ಎಂದು ಕೇಳಿದರು. ಬಲೆಯೇ ಇಲ್ಲ, ದೋಣಿ ನಿಧಾನಕ್ಕೆ ಓಡುತ್ತಿರುವಾಗ ಹಿಂದೆ ಗಾಳ ಎಳೆದುಕೊಂಡು ಹೋಗುವುದು ಎಂದು ಬಿಡಿಸಿ ಹೇಳಬೇಕಾಯಿತು.

ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆಯಲ್ಲಿ ಒಂದು ಹಳೇ 19 ಅಡಿಯ ಅಲ್ಯೂಮಿನಿಯಂ ದೋಣಿ ತೆಗೆದುಕೊಂಡೆ. ನಾನು ಮತ್ತು ಭಾವ ಇಬ್ಬರೇ ಹೋಗುವುದು. ವಿಸ್ಕಾನ್ಸಿನ್‌ನಲ್ಲಿ ಒಬ್ಬರಿಗೆ ಮೂರು ಗಾಳ ಹಾಕಬಹುದು ಅಲ್ವಾ, ಹಾಗಾಗಿ ಆರು ಹಾಕುತ್ತೇವೆ: ಎರಡು ಡೌನ್‌ರಿಗ್ಗರ್ (ತಂತಿಯ ತುದಿಗೆ ಭಾರದ ಗುಂಡು ಕಟ್ಟಿ ಗಾಳವನ್ನು ಆಳಕ್ಕೆ ಇಳಿಸುವ ಸಾಧನ), ಎರಡು ಡಿಪ್ಸಿ ಡೈವರ್ (ಗಾಳವನ್ನು ಕೆಳಕ್ಕೂ ಪಕ್ಕಕ್ಕೂ ಎಳೆಯುವ ಬಿಲ್ಲೆ), ಎರಡು ಲೆಡ್‌ಕೋರ್ (ಒಳಗೆ ಸೀಸ ಇರುವ ಭಾರದ ದಾರ). ಜುಲೈಯಲ್ಲಿ ನಾಲ್ಕು ಸಲ ಹೋದೆವು. ಸಿಕ್ಕಿದ್ದು ಒಂದು ಸಣ್ಣ ಲೇಕ್ ಟ್ರೌಟ್, ಅಷ್ಟೇ. ಜಿಪಿಎಸ್‌ನಲ್ಲಿ ವೇಗ ಯಾವಾಗಲೂ ಗಂಟೆಗೆ 2.5 ಮೈಲಿ ಇಟ್ಟಿರುತ್ತೇನೆ, ಎಲ್ಲ ಕಡೆ ಹಾಗೇ ಹೇಳುತ್ತಾರೆ. ಸೋನಾರಿನಲ್ಲಿ 60, 70 ಅಡಿಯಲ್ಲಿ ಮೀನಿನ ಗುರುತು ಕಾಣುತ್ತದೆ. ಪಕ್ಕದಲ್ಲೇ ಹೋಗುತ್ತಿದ್ದ ದೋಣಿಯವರು ನಮ್ಮ ಕಣ್ಣೆದುರೇ ಮೂರು ದೊಡ್ಡ ಚಿನೂಕ್ ಸಾಲ್ಮನ್ ಎತ್ತಿದರು. ನಮ್ಮ ಹತ್ತಿರ ಸುಮಾರು 40 ಸ್ಪೂನ್ (ಚಮಚದಾಕಾರದ ಲೋಹದ ಹುಸಿಮೇವು) ಇವೆ, ಹತ್ತು ನಿಮಿಷಕ್ಕೊಮ್ಮೆ ಬಣ್ಣ ಬದಲಿಸಿ ಬದಲಿಸಿ ಸಾಕಾಯಿತು. ಯಾವ ಬಣ್ಣ ಹಾಕಬೇಕು, ದಯವಿಟ್ಟು ಯಾರಾದರೂ ಹೇಳಿ.

ತುಂಗೆಯ ಗಾಳ:

ಬಣ್ಣ ಬಿಡಿ ಸರ್. ನಾನು ನಿಮ್ಮ ದಕ್ಷಿಣಕ್ಕಿರುವ ರಸೀನ್‌ನಿಂದ ಹದಿನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ, ಶುರುವಿನ ಎರಡು ವರ್ಷ ನಿಮ್ಮ ಹಾಗೆಯೇ ಸ್ಪೂನ್ ಕೊಂಡಿದ್ದೇ ಕೊಂಡಿದ್ದು. ನಿಮ್ಮ ಬರಹದಲ್ಲಿ ನನಗೆ ಎದ್ದು ಕಂಡಿದ್ದು "ಜಿಪಿಎಸ್‌ನಲ್ಲಿ 2.5" ಅನ್ನುವ ಮಾತು. ಅದು ನೆಲದ ಲೆಕ್ಕದಲ್ಲಿ ದೋಣಿಯ ವೇಗ. ಮೀನು ನೋಡುವುದು 60 ಅಡಿ ಕೆಳಗೆ ನಿಮ್ಮ ಸ್ಪೂನ್ ನೀರಿನಲ್ಲಿ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದನ್ನು. ಈ ಸರೋವರ 300 ಮೈಲಿ ಉದ್ದ, ಗಾಳಿ ಎರಡು ದಿನ ಒಂದೇ ಕಡೆ ಬೀಸಿದರೆ ಸಾಕು, ಕೆಳಗೆ ನೀರು ತನ್ನ ಪಾಡಿಗೆ ಓಡುತ್ತಿರುತ್ತದೆ, ಮೇಲೆ ಒಂದು ದಿಕ್ಕು ಕೆಳಗೆ ಇನ್ನೊಂದು ದಿಕ್ಕು ಇರುವುದೂ ಉಂಟು. ನೀವು ಉತ್ತರಕ್ಕೆ 2.5ರಲ್ಲಿ ಹೋಗುವಾಗ ಕೆಳಗಿನ ಸೆಳೆತ ಎದುರಾದರೆ ಸ್ಪೂನ್ 3ಕ್ಕಿಂತ ಜಾಸ್ತಿ ಓಡುತ್ತದೆ, ತಿರುಗಿ ದಕ್ಷಿಣಕ್ಕೆ ಬಂದರೆ ಅದೇ 2.5ರಲ್ಲಿ ಸ್ಪೂನ್ ಸತ್ತ ಎಲೆಯ ಹಾಗೆ ತೇಲಿಕೊಂಡು ಬರುತ್ತದೆ. ಚಿನೂಕ್‌ಗೆ ಗುಂಡಿನ ಹತ್ತಿರ 2.2ರಿಂದ 2.8 ಇರಬೇಕು. ಲೇಕ್ ಟ್ರೌಟ್ ಆದರೆ 2ರ ಒಳಗೇ ಸಾಕು, ಅದು ತಳದಲ್ಲಿ ಸೋಮಾರಿಯಾಗಿ ಇರುವ ಮೀನು.

ಗುಂಡಿನ ಹತ್ತಿರದ ವೇಗ ಮತ್ತು ಉಷ್ಣಾಂಶ ಎರಡನ್ನೂ ತೋರಿಸುವ ಪ್ರೋಬ್ ಸಿಗುತ್ತದೆ, ಬೆಲೆ ಜಾಸ್ತಿ. ಈಗಲೇ ಬೇಡ. ಡೌನ್‌ರಿಗ್ಗರ್ ತಂತಿ ನೀರಿಗೆ ಇಳಿಯುವ ಜಾಗ ನೋಡಿ. ತಂತಿ ಎಷ್ಟು ಓರೆಯಾಗಿದೆ? ಮೀನು ಕಚ್ಚಿದ ಹೊತ್ತಿಗೆ ಆ ಓರೆ ಹೇಗಿತ್ತು ಎಂದು ನೆನಪಿಡಿ, ದಿಕ್ಕು ಬದಲಿಸಿದ ಮೇಲೆ ಎಂಜಿನ್ ಏರಿಸಿ ಇಳಿಸಿ ಅದೇ ಓರೆಗೆ ತನ್ನಿ. ಜಿಪಿಎಸ್ ಏನು ಬೇಕಾದರೂ ತೋರಿಸಲಿ. ಇನ್ನೊಂದು ವಿಷಯ, ತಂತಿ ಹಿಂದಕ್ಕೆ ಬಾಗಿದಷ್ಟೂ ಗುಂಡು ಮೇಲೆ ಬರುತ್ತದೆ, ಕೌಂಟರ್‌ನಲ್ಲಿ 80 ಅಡಿ ಇದ್ದರೂ ಗುಂಡು ಅಷ್ಟು ಆಳದಲ್ಲಿ ಇರುವುದಿಲ್ಲ.

ನೇರವಾಗಿ ಓಡಿಸಬೇಡಿ, ಹಾವಿನ ಹಾಗೆ ಬಳುಕಿಸುತ್ತಾ ಹೋಗಿ. ತಿರುವಿನಲ್ಲಿ ಹೊರಗಡೆಯ ಗಾಳ ವೇಗವಾಗಿ ಮೇಲೇಳುತ್ತದೆ, ಒಳಗಡೆಯದು ನಿಧಾನವಾಗಿ ಕೆಳಗಿಳಿಯುತ್ತದೆ. ಹೊರಗಿನದಕ್ಕೆ ಮೀನು ಬಿದ್ದರೆ ವೇಗ ಸ್ವಲ್ಪ ಏರಿಸಿ, ಒಳಗಿನದಕ್ಕೆ ಬಿದ್ದರೆ ಇಳಿಸಿ. ಮೀನೇ ನಿಮಗೆ ಹೇಳಿಕೊಡುತ್ತದೆ.

ಮತ್ತೆ ಆರು ಗಾಳ ಯಾಕೆ? ಇಬ್ಬರೇ ಇದ್ದೀರಿ, ಕಲಿಯುವ ಹೊತ್ತು. ಆರು ಹಾಕಿದರೆ ಸಿಕ್ಕು ಬಿಡಿಸುವುದರಲ್ಲೇ ಬೆಳಿಗ್ಗೆ ಕಳೆಯುತ್ತದೆ, ಆ ಹೊತ್ತಿಗೆ ಬಿಸಿಲೇರಿ ಮೀನು ಇನ್ನೂ ಆಳಕ್ಕೆ ಹೋಗಿರುತ್ತದೆ. ಎರಡು ಡೌನ್‌ರಿಗ್ಗರ್ ಮಾತ್ರ ಹಾಕಿ ನೋಡಿ. ನೀರಿಗೆ ಬಿಡುವ ಮೊದಲು ಪ್ರತಿ ಸ್ಪೂನನ್ನೂ ದೋಣಿಯ ಪಕ್ಕದಲ್ಲಿ ಒಂದು ಮಾರು ದೂರ ಎಳೆದು ಅದರ ಕುಣಿತ ನೋಡಿ. ಸ್ಪೂನ್ ಗಿರಗಿರ ಸುತ್ತಬಾರದು, ಪಕ್ಕದಿಂದ ಪಕ್ಕಕ್ಕೆ ಒದ್ದಾಡಬೇಕು.

ಕಡಲತಡಿಯವ:

ಬಹಳ ಉಪಕಾರವಾಯಿತು ಸರ್. ತಂತಿಯ ಓರೆ ನೋಡಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಹೌದು, ನಮ್ಮ ಆ ಒಂದು ಟ್ರೌಟ್ ಸಿಕ್ಕಿದ್ದೂ ತಿರುಗುವಾಗಲೇ! ಇನ್ನೊಂದು ಸಂಶಯ. ಆಳ ಎಷ್ಟಿರಬೇಕು? ಒಂದು ವಾರ ಎಲ್ಲರೂ 50 ಅಡಿ ಎನ್ನುತ್ತಾರೆ, ಮುಂದಿನ ವಾರ 110 ಎನ್ನುತ್ತಾರೆ.

ಕ್ರೆಡಿಟ್ ನದಿ ದಂಡೆ:

ಇದಕ್ಕೆ ನಾನು ಹೇಳುತ್ತೇನೆ. ನಾನು ಕೆನಡಾದ ಮಿಸ್ಸಿಸಾಗಾದಲ್ಲಿದ್ದೇನೆ, ಒಂಟಾರಿಯೊ ಸರೋವರಕ್ಕೆ ಹೋಗುವವನು, ಆದರೆ ಕತೆ ಎರಡು ಕಡೆಯೂ ಒಂದೇ. ಆಳ ಹುಡುಕಬೇಡಿ ಮಾರಾಯ್ರೇ, ತಂಪು ಹುಡುಕಿ. ಚಿನೂಕ್‌ಗೆ ಇಷ್ಟವಾದದ್ದು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 10ರಿಂದ 13 ಸೆಲ್ಸಿಯಸ್. ಬೇಸಿಗೆಯಲ್ಲಿ ಮೇಲೆ ಬಿಸಿನೀರು, ಕೆಳಗೆ ತಣ್ಣೀರು, ನಡುವೆ ಒಂದು ತೆಳು ಪದರದಲ್ಲಿ ಉಷ್ಣಾಂಶ ಸರಕ್ಕನೆ ಇಳಿಯುತ್ತದೆ. ಸೋನಾರಿನ ಸೆನ್ಸಿಟಿವಿಟಿ ಏರಿಸಿದರೆ ಆ ಪದರ ಮಸುಕು ಪಟ್ಟಿಯ ಹಾಗೆ ಕಾಣುತ್ತದೆ. ಗಾಳ ಅಲ್ಲಿ ಇರಬೇಕು, ಮೀನಿನ ಗುರುತಿಗಿಂತ ಸ್ವಲ್ಪ ಮೇಲೆ.

ಆ ಪದರವನ್ನು ಮೇಲೆ ಕೆಳಗೆ ಮಾಡುವುದು ಗಾಳಿ. ನೀವಿರುವುದು ಪಶ್ಚಿಮ ದಡ. ದಕ್ಷಿಣದ ಗಾಳಿ ಅಥವಾ ಪಶ್ಚಿಮದ ಗಾಳಿ ಒಂದೆರಡು ದಿನ ಜೋರಾಗಿ ಬೀಸಿದರೆ ಮೇಲಿನ ಬಿಸಿನೀರು ದಡ ಬಿಟ್ಟು ಒಳಗೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ, ಆಗ ಮೀನು ದಡದ ಹತ್ತಿರ 40 ಅಡಿ ನೀರಿಗೂ ಬರುತ್ತದೆ. ಈಶಾನ್ಯದ ಗಾಳಿ ಬೀಸಿತು ಅಂದರೆ ಬಿಸಿನೀರು ನಿಮ್ಮ ಕಡೆಗೇ ಬಂದು ರಾಶಿ ಬೀಳುತ್ತದೆ, ಆಗ ದೂರ ಹೋಗಬೇಕು, ಆಳ ಹಾಕಬೇಕು. ನನ್ನದು ಉತ್ತರ ದಡ, ಇಲ್ಲಿ ಪಶ್ಚಿಮದ ಗಾಳಿಯೇ ತಣ್ಣೀರು ತರುತ್ತದೆ. ಟೊರೊಂಟೊ ಬೀಚಿನಲ್ಲಿ ನಿನ್ನೆ ಈಜಿದವರು ಇವತ್ತು ಕಾಲಿಡಲಾರರು, ಅಷ್ಟು ಬೇಗ ಬದಲಾಗುತ್ತದೆ. ನಾನು ಹೊರಡುವ ಮೊದಲು ಮೂರು ದಿನದ ಗಾಳಿ ಬರೆದುಕೊಳ್ಳುತ್ತೇನೆ, ಹಿಂದಿನ ವಾರ ಯಾರು ಎಷ್ಟು ಅಡಿಯಲ್ಲಿ ಹಿಡಿದರು ಅನ್ನುವುದಕ್ಕಿಂತ ಅದು ಜಾಸ್ತಿ ಉಪಯೋಗ.

ಇನ್ನು ಮೇವು. ನಿಮ್ಮ ಕಡೆ ಚಿನೂಕ್ ತಿನ್ನುವುದು ಹೆಚ್ಚಾಗಿ ಏಲ್‌ವೈಫ್ ಅನ್ನುವ ಸಣ್ಣ ಬೆಳ್ಳಿ ಮೀನು, ನಮ್ಮ ಬೂತಾಯಿಗೆ ದೂರದ ನೆಂಟ. ಅದು ಸಮುದ್ರದಿಂದ ಕಾಲುವೆ ಹಿಡಿದು ಬಂದದ್ದು. ಲ್ಯಾಂಪ್ರೆ ಅನ್ನುವ ರಕ್ತ ಹೀರುವ ಮೀನು ಲೇಕ್ ಟ್ರೌಟನ್ನು ಮುಗಿಸಿದ ಮೇಲೆ ಏಲ್‌ವೈಫನ್ನು ತಿನ್ನುವವರೇ ಇಲ್ಲದಾಯಿತು, 1967ರಲ್ಲಿ ಸತ್ತು ದಡದಲ್ಲಿ ರಾಶಿ ರಾಶಿ ಬಿದ್ದವು. ಅವನ್ನು ತಿನ್ನಲೆಂದು ಅದಕ್ಕೂ ಒಂದು ವರ್ಷ ಮೊದಲೇ, 1966ರಲ್ಲಿ, ಮಿಶಿಗನ್ ರಾಜ್ಯದವರು ಕೋಹೋ ಎಂಬ ಸಾಲ್ಮನ್ನಿನ ಮರಿ ಬಿಟ್ಟಿದ್ದರು, ಮರುವರ್ಷ ಚಿನೂಕ್. ಪೆಸಿಫಿಕ್ ಕಡಲಿನ ಮೀನು ನಿಮ್ಮ ಸಿಹಿನೀರಿಗೆ ಬಂದದ್ದು ಹಾಗೆ. ಹಾಗಾಗಿ ಸೋನಾರಿನಲ್ಲಿ ಸಣ್ಣ ಮೀನಿನ ಮೋಡ ಕಂಡರೆ ಆ ಜಾಗ ಬಿಡಬೇಡಿ, ಅಲ್ಲೇ ಸುತ್ತಿ.

ಹೊಳೆಸಾಲಿನ ಸುಮಾ:

ಅಣ್ಣ, ಮೀನಿನ ವಿಷಯ ಇವರಿಬ್ಬರೂ ಹೇಳಿದರು, ನಾನು ಬೇರೆ ಎರಡು ವಿಷಯ ಹೇಳಬೇಕು. ನಾವು ನಿಮ್ಮ ಎದುರು ದಡದ ಮಸ್ಕಿಗನ್‌ನಿಂದ ಹೋಗುತ್ತೇವೆ, ನಾನೂ ಮನೆಯವರೂ. ಹೋದ ವರ್ಷ ಮೇ ತಿಂಗಳಲ್ಲಿ ಎರಡು ಮೈಲಿ ಒಳಗೆ ಇದ್ದಾಗ ಮಂಜು ಕವಿಯಿತು. ಹತ್ತೇ ನಿಮಿಷ, ನಮ್ಮ ದೋಣಿಯ ಮುಂದಿನ ತುದಿಯೇ ಕಾಣಲಿಲ್ಲ. ಜಿಪಿಎಸ್ ನೋಡಿಕೊಂಡು ನಿಧಾನಕ್ಕೆ ಬಂದೆವು, ಹಾರ್ನ್ ಒತ್ತುತ್ತಾ. ಆ ತಿಂಗಳಲ್ಲಿ ನೀರಿಗೆ ಬಿದ್ದರೆ ಈಜು ಬಂದರೂ ಉಪಯೋಗವಿಲ್ಲ, ಆ ಚಳಿಗೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟಿದ ಹಾಗಾಗಿ ನೀರು ಕುಡಿಯುತ್ತೇವೆ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇಡುವುದಲ್ಲ, ಹಾಕಿಕೊಂಡೇ ಇರಬೇಕು. ಫೋನ್ ನಂಬಬೇಡಿ, ಒಂದು ವಿಎಚ್‌ಎಫ್ ರೇಡಿಯೋ ಇಟ್ಟುಕೊಳ್ಳಿ, ಆಪತ್ತಿಗೆ 16ನೇ ಚಾನೆಲ್. 19 ಅಡಿ ದೋಣಿಗೆ ಮೂರು ಅಡಿ ಅಲೆ ಎಂದು ಮುನ್ಸೂಚನೆ ಇದ್ದರೆ ಮನೆಯಲ್ಲೇ ಇರಿ, ಮೀನು ಎಲ್ಲಿಗೂ ಓಡಿಹೋಗುವುದಿಲ್ಲ.

ಎರಡನೆಯದು ಅಡುಗೆ. ಮೀನು ಸಿಕ್ಕಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಮಂಜುಗಡ್ಡೆಯಲ್ಲಿ ಇಡಿ, ಇಲ್ಲದಿದ್ದರೆ ಸಂಜೆಗೆ ಮಾಂಸ ಮೆತ್ತಗಾಗುತ್ತದೆ. ಈ ಸರೋವರದ ದೊಡ್ಡ ಮೀನಿನ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೇ ಕಾರ್ಖಾನೆ ವಿಷ ಸೇರಿರುತ್ತದೆ. ಚರ್ಮ, ಹೊಟ್ಟೆಯ ಕೊಬ್ಬು, ಪಕ್ಕದ ಕಪ್ಪು ಮಾಂಸ ತೆಗೆದುಬಿಡಿ. ಯಾವ ಮೀನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂದು ರಾಜ್ಯದವರೇ ಪಟ್ಟಿ ಕೊಡುತ್ತಾರೆ, ಮಕ್ಕಳಿಗೆ, ಬಸುರಿಯರಿಗೆ ಬೇರೆ ಲೆಕ್ಕ, ಅದನ್ನು ನೋಡಿಯೇ ಬಡಿಸಿ. ಕೋಹೋ ತವಾ ಫ್ರೈಗೆ ಚೆನ್ನ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ, ರವೆಯಲ್ಲಿ ಹೊರಳಿಸಿ. ಎಣ್ಣೆ ಕಡಿಮೆ ಸಾಕು.

ತುಂಗೆಯ ಗಾಳ:

ಸುಮಾ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಮರೆತಿದ್ದೆ, ಲೈಸೆನ್ಸ್ ಜೊತೆಗೆ ವಿಸ್ಕಾನ್ಸಿನ್‌ನಲ್ಲಿ ಗ್ರೇಟ್ ಲೇಕ್ಸ್ ಸಾಲ್ಮನ್ ಟ್ರೌಟ್ ಸ್ಟಾಂಪ್ ಬೇರೆ ತೆಗೆದುಕೊಳ್ಳಬೇಕು, ಇಬ್ಬರಿಗೂ.

ಕಡಲತಡಿಯವ:

ಸ್ಟಾಂಪ್ ಇದೆ ಸರ್, ಇಬ್ಬರದ್ದೂ.

ಶನಿವಾರ ಹೋಗಿ ಬಂದೆವು, ಅದನ್ನೇ ಹೇಳಲು ಬಂದೆ. ಎರಡು ದಿನದಿಂದ ದಕ್ಷಿಣದ ಗಾಳಿ ಇತ್ತು, ಶನಿವಾರ ತಗ್ಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ದೋಣಿ ಇಳಿಸಿದೆವು, ಇನ್ನೂ ಕತ್ತಲೆ. ಎರಡೇ ಗಾಳ. 65 ಅಡಿ ನೀರಿನಲ್ಲಿ ಮಸುಕು ಪಟ್ಟಿ 45 ಅಡಿಗೆ ಕಂಡಿತು, ಗುಂಡು 42ಕ್ಕೆ ಇಳಿಸಿದೆ. ಉತ್ತರಕ್ಕೆ ಹೋಗುವಾಗ ತಂತಿ ಬಹಳ ಬಾಗುತ್ತಿತ್ತು, ಜಿಪಿಎಸ್ 1.9ಕ್ಕೆ ಇಳಿಸಿದಾಗ ಸರಿಹೋಯಿತು. ಅಂದರೆ ಇಷ್ಟು ದಿನ ಎಷ್ಟು ಜೋರಾಗಿ ಎಳೆದಿದ್ದೆ ನೋಡಿ.

ಕಾಲು ಗಂಟೆಯಲ್ಲಿ ಎಡಗಡೆ ತಿರುಗಿಸುತ್ತಿದ್ದಾಗ ಒಳಗಡೆಯ ರಾಡ್, ಬಿಲ್ಲಿನ ಹಾಗೆ ಬಾಗಿ ನಿಂತಿದ್ದದ್ದು, ಎರಡು ಸಲ ತಲೆಯಾಡಿಸಿತು. ಆಮೇಲೆ ದಾರವನ್ನು ಡೌನ್‌ರಿಗ್ಗರ್ ತಂತಿಗೆ ಹಿಡಿದಿದ್ದ ಕ್ಲಿಪ್ ಬಿಟ್ಟು ಟಪ್ ಎಂದು ನೆಟ್ಟಗೆ ಎದ್ದು ನಿಂತಿತು, ದಾರ ಸಡಿಲ. ಮೀನು ತಪ್ಪಿತು ಎಂದುಕೊಂಡು ಭಾವ ಸುಮ್ನೆ ನಿಂತರು. ನಾನು ಹಿಡಿದು ಬೇಗ ಬೇಗ ಸುತ್ತಿದೆ, ದಾರ ಬಿಗಿಯಾದದ್ದೇ ತಡ ರೀಲ್ ಕಿರುಚತೊಡಗಿತು, ದಾರದ ಉದ್ದ ತೋರಿಸುವ ಕೌಂಟರ್ 120 ಅಡಿಯಿಂದ 300 ದಾಟಿತು. ಇಪ್ಪತ್ತು ನಿಮಿಷ. ಭಾವ ಕೈಬಲೆ ಹಿಡಿದು ಕಾದು, ತಲೆ ಮುಂದಾಗಿ ಬರುವಾಗಲೇ ಎತ್ತಿದರು. ಹದಿನಾಲ್ಕು ಪೌಂಡಿನ ಚಿನೂಕ್, ಬೆನ್ನು ಹಸಿರು, ಬಾಯಿಯ ಒಳಗೆ ಒಸಡೆಲ್ಲ ಕಪ್ಪು. ಅದೇ ಹಳೇ ಸ್ಪೂನ್, ಮೊದಲ ದಿನವೇ ಕೊಂಡಿದ್ದು.

ದೊಡ್ಡಪ್ಪನಿಗೆ ಫೋಟೋ ಕಳಿಸಿದ್ದೇನೆ. ಬಲೆ ಇಲ್ಲದೆ ಇದನ್ನು ಹೇಗೆ ತಂದೆ ಎಂದು ಮತ್ತೆ ಕೇಳುತ್ತಿದ್ದಾರೆ. ಮುಂದಿನ ಶನಿವಾರ ಒಂದು ಡಿಪ್ಸಿ ಸೇರಿಸಬಹುದಾ ಸರ್, ಅಥವಾ ಇನ್ನೂ ಎರಡರಲ್ಲೇ ಇರಲಾ?

ತುಂಗೆಯ ಗಾಳ:

ಸೇರಿಸಿ. ಒಂದೇ ಒಂದು. ಡಿಪ್ಸಿಯ ಬಿಲ್ಲೆಯನ್ನು ಅದರ ಮೇಲಿನ 3ರ ಗುರುತಿಗೆ ಇಡಿ, ಪಕ್ಕಕ್ಕೆ ದೂರ ಹೋಗುತ್ತದೆ, ಡೌನ್‌ರಿಗ್ಗರ್ ದಾರಕ್ಕೆ ಸಿಕ್ಕಾಗುವುದಿಲ್ಲ.