ಮನೆಯ ಸಂಪರ್ಕದಲ್ಲೇ ವೆಬ್ ಸರ್ವರ್: ಹೊರಗಿನವರಿಗೆ ಏಕೆ ಸಿಗುತ್ತಿಲ್ಲ?

ಹೊಸಬ: ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ವೆಬ್ ಸರ್ವರ್ ನಡೆಸುತ್ತಿದ್ದೇನೆ. ಮನೆಯೊಳಗೆ ತಾಣ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ರೂಟರ್‌ನಲ್ಲಿ ವೆಬ್ ಕೋರಿಕೆಗಳು ಬರುವ ಬಾಗಿಲುಗಳಾದ 80 ಮತ್ತು 443ನೇ ಪೋರ್ಟ್‌ಗಳನ್ನು ಅದರತ್ತ ತಿರುಗಿಸಿದ್ದೇನೆ. ಆದರೂ ಹೊರಗಿನವರಿಗೆ ಸಿಗುತ್ತಿಲ್ಲ.

ತಂತಿಜಾಲ: ರೂಟರ್‌ನ ಪುಟದಲ್ಲಿ ವ್ಯಾನ್ ವಿಳಾಸ (ಹೊರಜಾಲದ ಕಡೆಗೆ ರೂಟರ್‌ಗೆ ಸಿಕ್ಕಿರುವ ಐಪಿ ವಿಳಾಸ) ನೋಡಿ. ಅದರ ಆರಂಭ 100.64ರಿಂದ 100.127ರೊಳಗಿದ್ದರೆ ರೂಟರ್ ಜೊತೆ ಎಷ್ಟು ಗುದ್ದಾಡಿದರೂ ಫಲವಿಲ್ಲ. ಸೇವಾದಾತರು ನಿಮ್ಮನ್ನು ಸಿಜಿನ್ಯಾಟ್ ಹಿಂದೆ ಕೂರಿಸಿದ್ದಾರೆ ಎಂದರ್ಥ. ಅದರಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ; ಹೊರಗಿನಿಂದ ಬಂದ ಕೋರಿಕೆಯನ್ನು ಯಾರ ಮನೆಗೆ ಕಳುಹಿಸಬೇಕೆಂದು ಅವರ ಉಪಕರಣಕ್ಕೇ ತಿಳಿಯದು.

ಹೊಸಬ: 100.81 ಎಂದು ತೋರಿಸುತ್ತಿದೆ.

ಕಾವಲುಗಾರ: ಒಳ್ಳೆಯದೇ ಆಯಿತು. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆದು ಲಾಗ್ ನೋಡುತ್ತಾ ಕುಳಿತಿರಿ: ‘ರೂಟ್’, ‘ಅಡ್ಮಿನ್’ ಎಂದು ಬಾಟ್‌ಗಳು ಬಾಗಿಲು ಬಡಿಯುತ್ತಲೇ ಇರುತ್ತವೆ. ಅದೇ ಜಾಲದಲ್ಲಿ ನಿಮ್ಮ ಫೋನ್, ಪ್ರಿಂಟರ್, ಕ್ಯಾಮೆರಾ ಎಲ್ಲವೂ ಇವೆ. ಸುಮ್ಮನೆ ಒಂದು ವಿಪಿಎಸ್ (ಡೇಟಾ ಕೇಂದ್ರದಲ್ಲಿರುವ ವರ್ಚುವಲ್ ಸರ್ವರ್) ಬಾಡಿಗೆಗೆ ಪಡೆಯಿರಿ.

ತಂತಿಜಾಲ: ವಿಪಿಎಸ್‌ಗೂ ಅವೇ ಬಾಟ್‌ಗಳು ಬರುತ್ತವೆ, ಸ್ವಾಮಿ. ಎಸ್‌ಎಸ್‌ಎಚ್‌ನಲ್ಲಿ ಗುಪ್ತಪದ ನಿಲ್ಲಿಸಿ ಕೀಲಿ ಕಡತ ಮಾತ್ರ ಬಳಸಿ, ಸರ್ವರನ್ನು ಪ್ರತ್ಯೇಕ ವಿಲ್ಯಾನ್‌ಗೆ (ಮನೆಯ ಉಳಿದ ಸಾಧನಗಳಿಂದ ಬೇರ್ಪಟ್ಟ ಉಪಜಾಲಕ್ಕೆ) ಹಾಕಿದರಾಯಿತು.

ಕಾವಲುಗಾರ: ರೂಟರ್‌ನಲ್ಲಿ ವಿಲ್ಯಾನ್ ಇದ್ದರೆ ತಾನೆ? ಸೇವಾದಾತರು ಕೊಡುವ ಎಷ್ಟೋ ರೂಟರ್‌ಗಳಲ್ಲಿ ಆ ಆಯ್ಕೆಯೇ ಕಾಣಿಸದು.

ಬಿಟ್‌ಬಳ್ಳಿ: ಅಪ್‌ಲೋಡ್ ವೇಗದ ಮಾತನ್ನು ಇಬ್ಬರೂ ಎತ್ತಲಿಲ್ಲ. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಎಂದರೆ ಸೆಕೆಂಡಿಗೆ 1.25 ಮೆಗಾಬೈಟ್ ಅಷ್ಟೇ. 5 ಮೆಗಾಬೈಟ್‌ನ ಚಿತ್ರ ಒಬ್ಬರಿಗೆ ತಲುಪಲು ನಾಲ್ಕು ಸೆಕೆಂಡ್. ಐವರು ಒಟ್ಟಿಗೆ ಬಂದರೆ ಇಪ್ಪತ್ತು. ಅಷ್ಟರಲ್ಲಿ ಮನೆಯವರ ವಿಡಿಯೊ ಕರೆ ತಡವರಿಸುತ್ತಿರುತ್ತದೆ.

ಹೊಸಬ: ನನ್ನದು ಹೆಚ್ಚಾಗಿ ಬರಹವೇ. ಸಿಜಿನ್ಯಾಟ್‌ಗೆ ಏನು ಮಾಡಲಿ?

ತಂತಿಜಾಲ: ಮೊದಲು ಸೇವಾದಾತರಲ್ಲಿ ಸಾರ್ವಜನಿಕ ವಿಳಾಸ ಕೇಳಿ. ಹೊಸ ಮಾದರಿಯ ವಿಳಾಸವಾದ ಐಪಿವಿ6 ಇದ್ದರೂ ಆದೀತು, ಆದರೆ ಹಳೆಯ ಐಪಿವಿ4 ಮಾತ್ರ ಇರುವ ಓದುಗರಿಗೆ ತಾಣ ಸಿಗದು. ಎರಡೂ ಆಗದಿದ್ದರೆ ಚಿಕ್ಕದೊಂದು ವಿಪಿಎಸ್‌ಗೆ ಲ್ಯಾಪ್‌ಟಾಪ್‌ನಿಂದ ವೈರ್‌ಗಾರ್ಡ್ ಸುರಂಗ (ಗೂಢಲಿಪೀಕರಿಸಿದ ಖಾಸಗಿ ಸಂಪರ್ಕ) ಹಾಕಿ; ಓದುಗರ ಕೋರಿಕೆ ವಿಪಿಎಸ್‌ಗೆ ಬಂದು ಅದರ ಮೂಲಕ ಮನೆ ತಲುಪುತ್ತದೆ. ಒಳಗಿನಿಂದ ಹೊರಡುವ ಸಂಪರ್ಕಕ್ಕೆ ಸಿಜಿನ್ಯಾಟ್ ಅಡ್ಡಿಯಲ್ಲ. ಸಂಪರ್ಕ ಜೀವಂತವಾಗಿಡಲು ಆಗಾಗ ಸಂದೇಶ ಕಳುಹಿಸುವ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ ಅನ್ನು 25 ಸೆಕೆಂಡಿಗೆ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಓದುಗರಿಲ್ಲದ ಹೊತ್ತಿನಲ್ಲಿ ಸಿಜಿನ್ಯಾಟ್ ಆ ಸಂಪರ್ಕವನ್ನೇ ಮರೆತುಬಿಡುತ್ತದೆ, ನೀವು ಸರ್ವರನ್ನು ಬೈಯುತ್ತಾ ಕೂರುತ್ತೀರಿ.

ಕಾವಲುಗಾರ: ಅಂತೂ ವಿಪಿಎಸ್‌ಗೇ ಬಂದಿರಿ!

ತಂತಿಜಾಲ: ಅದು ಬರಿಯ ದಾರಿ. 443ರ ದಟ್ಟಣೆಯ ಗೂಢಲಿಪಿಯನ್ನು ಅಲ್ಲಿ ಬಿಚ್ಚದೆ ದಾಟಿಸಿದರೆ ತಾಣದ ಖಾಸಗಿ ಕೀಲಿಯೂ ಕಡತಗಳೂ ಮನೆಯಲ್ಲೇ ಉಳಿಯುತ್ತವೆ.

ಬಿಟ್‌ಬಳ್ಳಿ: ವಿಳಾಸ ಕೇಳುವ ಮುನ್ನ ಒಪ್ಪಂದವನ್ನೊಮ್ಮೆ ಓದಿ. ಎಷ್ಟೋ ಗೃಹ ಯೋಜನೆಗಳಲ್ಲಿ ಸರ್ವರ್ ನಡೆಸಬಾರದೆಂಬ ಷರತ್ತಿರುತ್ತದೆ.