ಸರಣಿ, ಸಮಾಂತರ ಎರಡೂ ಸೇರಿದ ಸರ್ಕ್ಯೂಟ್: ಮಗನಿಗೆ ಹೇಗೆ ಹೇಳಿಕೊಡುವುದು?

ಕೇಳಿದವರು, ಬ್ರಹ್ಮಾವರ:
ಮಗ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಬರೀ ಸರಣಿ (ಸೀರೀಸ್, ಒಂದರ ಹಿಂದೆ ಒಂದು) ಲೆಕ್ಕ ಕೊಟ್ಟರೆ ಮಾಡುತ್ತಾನೆ, ಬರೀ ಸಮಾಂತರ (ಪ್ಯಾರಲಲ್, ಕರೆಂಟ್ ಕವಲಾಗಿ ಹೋಗುವುದು) ಕೊಟ್ಟರೂ ಮಾಡುತ್ತಾನೆ. ಎರಡೂ ಒಂದೇ ಚಿತ್ರದಲ್ಲಿ ಬಂದರೆ ಪೆನ್ನು ಕೆಳಗಿಡುತ್ತಾನೆ. ಈಗಿನ ಲೆಕ್ಕ ಇದು: 12 ವೋಲ್ಟ್ ಬ್ಯಾಟರಿ, ಮೊದಲು 4 ಓಮ್, ಅದರ ಮುಂದೆ 6 ಓಮ್ ಮತ್ತು 12 ಓಮ್ ಸಮಾಂತರದಲ್ಲಿ. ಪ್ರತಿಯೊಂದರಲ್ಲೂ ಎಷ್ಟು ಕರೆಂಟ್? 6 ಓಮ್‌ನಲ್ಲಿ 2 ಆಂಪಿಯರ್ ಅಂತ ಬರೆದಿದ್ದಾನೆ, ಉತ್ತರ ತಾಳೆ ಆಗುತ್ತಿಲ್ಲ. ನಾನು ಕಾಮರ್ಸ್ ಓದಿದವಳು. ಗೊತ್ತಿದ್ದವರು ಹೇಳಿ.

ಉಡುಪಿ, ಹೈಸ್ಕೂಲ್ ಟೀಚರ್:
12ನ್ನು 6ರಿಂದ ಭಾಗಿಸಿದ್ದಾನೆ, ಅಲ್ವಾ? ನನ್ನ ಕ್ಲಾಸಿನಲ್ಲೂ ಸುಮಾರು ಮಕ್ಕಳು ಹೀಗೇ ಮಾಡುತ್ತಾರೆ. ಬ್ಯಾಟರಿ 12 ವೋಲ್ಟಿನದು, ಹಾಗಾಗಿ ಎಲ್ಲ ರೋಧಕಕ್ಕೂ 12 ಸಿಗುತ್ತದೆ ಅಂತ ಅವರ ಎಣಿಕೆ. ಆದರೆ 4 ಓಮ್ ದಾಟುವಾಗಲೇ ಒಂದು ಪಾಲು ಖರ್ಚಾಗುತ್ತದೆ. ಉಳಿದದ್ದು ಮಾತ್ರ ಮುಂದಿನ ಜೋಡಿಗೆ.

ಮೊದಲು ಒಳಗಿನ ಜೋಡಿ ಹಿಡಿಯಿರಿ. 1/6 + 1/12. ಲ.ಸಾ.ಅ. 12, ಕೂಡಿದರೆ 3/12. ಇದನ್ನು ತಿರುಗಿಸಿದರೆ 4 ಓಮ್. (ತಿರುಗಿಸುವುದನ್ನು ಮರೆತು 0.25 ಓಮ್ ಅಂತ ಬರೆಯುವವರು ಜಾಸ್ತಿ.) ಈಗ ಹೊಸ ಚಿತ್ರ ಬರೆಯಲಿ: 4, ಅದರ ಪಕ್ಕ 4. ಒಟ್ಟು 8 ಓಮ್. 12/8, ಅಂದರೆ 1.5 ಆಂಪಿಯರ್ ಬ್ಯಾಟರಿಯಿಂದ ಹೊರಡುತ್ತದೆ.

ಇಲ್ಲಿಂದ ವಾಪಸ್ ಬರಬೇಕು. ಮೊದಲಿನ 4 ಓಮ್‌ನಲ್ಲಿ ಪೂರ್ತಿ 1.5 ಆಂಪಿಯರ್ ಹರಿಯುತ್ತದೆ, ಅಲ್ಲಿ ಹೋಗುವುದು 1.5 × 4 = 6 ವೋಲ್ಟ್. ಉಳಿದದ್ದು 6 ವೋಲ್ಟ್, ಅದು ಎರಡು ಕವಲಿಗೂ ಸಮ. 6 ಓಮ್‌ನಲ್ಲಿ 1 ಆಂಪಿಯರ್, 12 ಓಮ್‌ನಲ್ಲಿ ಅರ್ಧ. ಕೂಡಿ ನೋಡಿ, 1.5 ಬಂತು. ಹೋಗುವಾಗ ಚಿತ್ರ ಸಣ್ಣದು ಮಾಡುತ್ತಾ ಹೋಗುವುದು, ಬರುವಾಗ ಬಿಡಿಸುತ್ತಾ ಬರುವುದು. ಮಕ್ಕಳು ಹೋಗುತ್ತಾರೆ, ವಾಪಸ್ ಬರುವುದೇ ಇಲ್ಲ!

ಕಾರ್ಕಳ, ಡಿಪ್ಲೊಮಾ ವಿದ್ಯಾರ್ಥಿ:
ಅಕ್ಕ, ಟೀಚರ್ ಹೇಳಿದ್ದು ಸರಿ. ಆದರೆ ಪರೀಕ್ಷೆಯಲ್ಲಿ ಚಿತ್ರವನ್ನೇ ತಿರುಚಿ ಕೊಡುತ್ತಾರೆ. ಪಕ್ಕಪಕ್ಕ ಕಂಡ ಮಾತ್ರಕ್ಕೆ ಸರಣಿ ಅಲ್ಲ, ಮೇಲೆ ಕೆಳಗೆ ಕಂಡ ಮಾತ್ರಕ್ಕೆ ಸಮಾಂತರವೂ ಅಲ್ಲ. ಕೂಡುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಕ, ಚ, ಟ ಅಂತ ಹೆಸರು ಕೊಡಲಿ. ನಡುವೆ ಬರೀ ವೈರ್ ಇದ್ದರೆ ಎರಡು ತುದಿಗೂ ಒಂದೇ ಅಕ್ಷರ, ವೈರ್ ಎಷ್ಟೇ ಉದ್ದ ಇರಲಿ. ಎರಡು ರೋಧಕಗಳ ತುದಿಯಲ್ಲಿ ಅದೇ ಎರಡು ಅಕ್ಷರ ಬಂದರೆ ಸಮಾಂತರ. ಒಂದೇ ರೋಧಕದ ಎರಡು ಕಡೆಗೂ ಒಂದೇ ಅಕ್ಷರ ಬಂತೋ, ಅದರಲ್ಲಿ ಕರೆಂಟೇ ಇಲ್ಲ, ಹೊಡೆದು ಹಾಕಿ. ಎರಡರ ನಡುವೆ ಮೂರನೇ ಕವಲು ಇಲ್ಲದಿದ್ದರೆ ಮಾತ್ರ ಸರಣಿ.

ಇನ್ನೊಂದು. ಸಮಾಂತರಕ್ಕೆ ಗುಣಲಬ್ಧ ಭಾಗಿಸು ಮೊತ್ತ ಅನ್ನುವ ಶಾರ್ಟ್‌ಕಟ್ ಎರಡು ರೋಧಕಕ್ಕೆ ಮಾತ್ರ. 2, 3, 6 ಓಮ್ ಮೂರನ್ನೂ ಹಾಗೆ ಮಾಡಿದರೆ 36/11, ಅಂದರೆ 3.27 ಬರುತ್ತದೆ. ನಿಜವಾದ ಉತ್ತರ 1 ಓಮ್.

ಮಂಗಳೂರು, ಲ್ಯಾಬ್ ಕೆಲಸ:
ಆ 3.27 ತಪ್ಪು ಅಂತ ಲೆಕ್ಕ ಮಾಡದೆಯೇ ಗೊತ್ತಾಗಬೇಕು. ಸಮಾಂತರದ ಉತ್ತರ ಯಾವಾಗಲೂ ಅಲ್ಲಿರುವ ಅತಿ ಸಣ್ಣದಕ್ಕಿಂತ ಕಮ್ಮಿ. ಎರಡೇ ಇದ್ದರೆ ಸಣ್ಣದರ ಅರ್ಧಕ್ಕಿಂತ ಕೆಳಗೂ ಹೋಗುವುದಿಲ್ಲ. 6 ಮತ್ತು 12 ಅಂದರೆ 3 ಮತ್ತು 6ರ ನಡುವೆ ಎಲ್ಲೋ.

ಸುಮ್ನೆ ಕಾಗದದಲ್ಲೇ ಮಾಡಿದರೆ ಹುಡುಗನಿಗೆ ಬೋರ್ ಆಗುತ್ತದೆ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತುದಿ ಚುಚ್ಚಿ ಜೋಡಿಸುವ ಹಲಗೆ), 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್ ಸಾಕು. ಒಂದು 1 ಕಿಲೋ ಓಮ್, ಎರಡು 2.2 ಕಿಲೋ ಓಮ್ ತೆಗೆದುಕೊಳ್ಳಿ. 2.2ರ ಜೋಡಿ ಸಮಾಂತರದಲ್ಲಿ 1.1, ಒಟ್ಟು 2.1 ಕಿಲೋ ಓಮ್. ಬ್ಯಾಟರಿ ತೆಗೆದೇ ಓಮ್ ಅಳೆಯಬೇಕು. 2.05 ತೋರಿಸಿದರೆ ಗಾಬರಿ ಬೇಡ, ರೋಧಕದ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದ್ದರೆ 5% ಆಚೀಚೆ ಇದ್ದೇ ಇರುತ್ತದೆ. ಬ್ಯಾಟರಿ ಕೊಟ್ಟರೆ ಸುಮಾರು 4.3 ಮಿಲಿ ಆಂಪಿಯರ್. ಕರೆಂಟ್ ಅಳೆಯುವಾಗ ಮೀಟರನ್ನು ಸರಣಿಯಲ್ಲಿ ಹಾಕಿ, ನೇರ ಬ್ಯಾಟರಿಗೆ ಹಿಡಿದರೆ ಮೀಟರಿನ ಫ್ಯೂಸ್ ಹೋದೀತು.

ಸುರತ್ಕಲ್, ವೈರಿಂಗ್ ಕೆಲಸ:
ಮನೆಯಲ್ಲೇ ಈ ಸರ್ಕ್ಯೂಟ್ ಉಂಟು ಮಾರಾಯ್ರೆ. ತೋಟದ ಮನೆಗೆ ದೂರದಿಂದ ವೈರ್ ಎಳೆದಿರುತ್ತಾರೆ. ಗೀಸರ್ ಹಾಕಿದ ಕೂಡಲೇ ಬಲ್ಬು ಸ್ವಲ್ಪ ಡಿಮ್ ಆಗುತ್ತದೆ. ಗೀಸರ್, ಬಲ್ಬು ಪ್ಯಾರಲಲ್, ಆ ಉದ್ದದ ವೈರ್ ಇವೆರಡಕ್ಕೂ ಸೀರೀಸ್. 230 ವೋಲ್ಟಿಗೆ 2000 ವ್ಯಾಟ್ ಗೀಸರ್ ಅಂದರೆ 26.45 ಓಮ್. ಹೋಗುವ, ಬರುವ ವೈರ್ ಎರಡೂ ಸೇರಿ 1 ಓಮ್ ಇದ್ದರೆ ಕರೆಂಟ್ ಸುಮಾರು 8.4 ಆಂಪಿಯರ್, ವೈರಲ್ಲೇ 8.4 ವೋಲ್ಟ್ ಹೋಯಿತು. ಬಲ್ಬಿನ ಕರೆಂಟ್ ತೀರಾ ಕಮ್ಮಿ, ಅದನ್ನು ಬಿಟ್ಟಿದ್ದೇನೆ. ಪಂಪಿಗೆ ಹೀಗೆ ಲೆಕ್ಕ ಹಾಕಬೇಡಿ, ಮೋಟರು ಬರೀ ರೋಧಕ ಅಲ್ಲ.

ದೀಪಾವಳಿಗೆ ಗೂಡುದೀಪದ ಸುತ್ತ ಹಾಕುವ ಎಲ್‌ಇಡಿ ಮಾಲೆಯಲ್ಲಿ ಒಂದು ತುಂಡು ಮಾತ್ರ ಆರಿ ಉಳಿದದ್ದು ಉರಿಯುತ್ತಿದ್ದರೆ ಅದೂ ಇದೇ ಜಾತಿ: ತುಂಡಿನೊಳಗೆ ಸೀರೀಸ್, ತುಂಡು ತುಂಡಿಗೆ ಪ್ಯಾರಲಲ್. ಹುಡುಗ ನೋಡಲಿ, ಆದರೆ ಮನೆಯ ಲೈನಿಗೆ ಮೀಟರ್ ಹಿಡಿಯುವುದು ಬೇಡ.

ಕೇಳಿದವರು, ಬ್ರಹ್ಮಾವರ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಷರ ಹಾಕುವ ಉಪಾಯ ಅವನಿಗೆ ಹಿಡಿಸಿತು. ಈಗ ಅವನದೇ ಪ್ರಶ್ನೆ: ಎಡಗಡೆ ಮೇಲೆ 2, ಕೆಳಗೆ 4. ಬಲಗಡೆ ಮೇಲೆ 3, ಕೆಳಗೆ 6. ಎಡ, ಬಲ ಎರಡು ಸಾಲಿನ ನಡುವೆ ಅಡ್ಡಕ್ಕೆ ಒಂದು 5 ಓಮ್. ಅಕ್ಷರ ಹಾಕಿದರೂ ಸರಣಿಯೂ ಇಲ್ಲ, ಸಮಾಂತರವೂ ಇಲ್ಲ ಅನ್ನುತ್ತಾನೆ.

ಕಾರ್ಕಳ, ಡಿಪ್ಲೊಮಾ ವಿದ್ಯಾರ್ಥಿ:
ಸರಿಯಾಗಿಯೇ ಹೇಳಿದ್ದಾನೆ ಅಕ್ಕ. ಇದು ವೀಟ್‌ಸ್ಟನ್ ಬ್ರಿಡ್ಜ್. ಸಾಮಾನ್ಯವಾಗಿ ಇದಕ್ಕೆ ಕಿರ್ಕಾಫ್ ನಿಯಮ ಬೇಕು, ಅದು ಪಿಯುಸಿಯಲ್ಲಿ ಬರುತ್ತದೆ. ಆದರೆ ಈ ಅಂಕಿಗಳಿಗೆ ಬೇಡ. 2/4 ಮತ್ತು 3/6 ಎರಡೂ ಒಂದೇ, ಹಾಗಾಗಿ ಅಡ್ಡದ 5 ಓಮ್‌ನಲ್ಲಿ ಕರೆಂಟ್ ಸೊನ್ನೆ. ಅದನ್ನು ತೆಗೆದರೆ ಎಡಗಡೆ 2 + 4 = 6, ಬಲಗಡೆ 3 + 6 = 9; 6ಕ್ಕೆ 9 ಸಮಾಂತರ, 3.6 ಓಮ್. ನಂಬಿಕೆ ಬರದಿದ್ದರೆ ಅದರ ಜಾಗದಲ್ಲಿ ಬರೀ ವೈರ್ ಹಾಕಿ ಲೆಕ್ಕ ಮಾಡಲಿ: 2ಕ್ಕೆ 3 ಸಮಾಂತರ 1.2, 4ಕ್ಕೆ 6 ಸಮಾಂತರ 2.4. ಕೂಡಿದರೆ ಮತ್ತೆ ಅದೇ 3.6.